ತುಟಿ ಮರಳುವ ತನಕ

ಡಾಕ್ಟರಮ್ಮ ಹೇಳಿದ್ದು ಇಷ್ಟೇ:
ಎರಡು ಗಂಟೆ ಕಣ್ಣಿಟ್ಟಿರಿ, ತುಟಿ ಕಚ್ಚಿಕೊಳ್ಳದ ಹಾಗೆ.
ನೋವಾಗದ ತುಟಿಯನ್ನು ಮಕ್ಕಳು ಅಗಿದುಬಿಡುತ್ತವೆ,
ಯಾರದೋ ತುಟಿಯೆಂಬಂತೆ.

ಹಾಗಾಗಿ ಕಾಯುತ್ತಿದ್ದೇನೆ
ಉಲಾನ್‌ಬಾತರಿನ ಆರನೇ ಮಹಡಿಯಲ್ಲಿ.
ಕಿಟಕಿಯಾಚೆ ಸೊನ್ನೆಗಿಂತ ಇಪ್ಪತ್ತೇಳು ಕೆಳಗೆ,
ಹೊಗೆ ಹೊದ್ದು ಕೂತ ಊರು.
ಸೋಫಾದ ಮೇಲೆ ಐದು ವರ್ಷದ ನೋಮುನ್,
ಹತ್ತಿಯುಂಡೆ ಕಚ್ಚಿಕೊಂಡು, ಮಾತೆಲ್ಲ ಮೂಗಿನಿಂದ.

"ಅಪ್ಪಾ, ನನ್ನ ತುಟಿ ಎಲ್ಲಿ?"
ಇಲ್ಲೇ ಇದೆ.
"ಇಲ್ಲ. ಇದು ದಪ್ಪ ಇದೆ. ಇದು ಬೇರೆಯವರದ್ದು."
ಕನ್ನಡಿ ತಂದು ತೋರಿಸಿದೆ.
ನಂಬಲಿಲ್ಲ. ಕನ್ನಡಿಯನ್ನೂ ಒಮ್ಮೆ ಮುಟ್ಟಿ ನೋಡಿದಳು.

ನನಗೆ ಗೊತ್ತು ಅದು.
ಹನ್ನೊಂದು ಚಳಿಗಾಲದ ಹಿಂದೆ
ಒಡೆದ ಬಿಸಿನೀರ ಕೊಳವೆಗೆ ಬೆಸುಗೆ ಹಾಕುವ ರಾತ್ರಿ
ಕೈಗವಸು ಕಳಚಿದವನಿಗೆ
ಎಡಗೈಯ ಕಿರುಬೆರಳು ಮರಳಿ ಬರಲೇ ಇಲ್ಲ.
ಬೆರಳಿದೆ. ಅದರೊಳಗೆ ನಾನಿಲ್ಲ.
ಸಿಗರೇಟು ಸುಟ್ಟರೂ ವಾಸನೆ ಬಂದ ಮೇಲೇ ತಿಳಿಯುವುದು.

ಅವಳಿಗೆ ಹೇಳಲಿಲ್ಲ ಅದನ್ನು.
ತುಟಿ ಊರಿಗೆ ಹೋಗಿದೆ ಎಂದೆ, ಅಮ್ಮನ ರೈಲಿನಲ್ಲಿ.
"ಟಿಕೆಟ್ ಇದೆಯಾ ಅದಕ್ಕೆ?"
ಟಿಕೆಟ್ ನೋಡುವವಳು ಅಮ್ಮನೇ ಅಲ್ಲವೇ, ಬಿಟ್ಟಿರುತ್ತಾಳೆ.
ನಗಲು ಹೋದಳು. ಅರ್ಧ ಬಾಯಿ ನಕ್ಕಿತು.
ಇನ್ನರ್ಧ ಸುಮ್ಮನಿತ್ತು,
ತಮಾಷೆ ತಿಳಿಯದ ನೆಂಟನ ಹಾಗೆ.

ಫ್ರಿಜ್ಜಿನ ಬಾಗಿಲಿಗೆ ಚೀಟಿ ಅಂಟಿಸಿದ್ದೇನೆ:
ಅರ್ಧ ಗಂಟೆ ಹತ್ತಿ. ಸ್ಟ್ರಾ ಕೂಡದು,
ಉಗುಳುವುದು ಕೂಡದು, ಬಿಸಿ ಕೂಡದು.
ಬಿಸಿ ಕೂಡದು!
ಊರಿಗೆಲ್ಲ ಬಿಸಿ ಹಂಚುವ ಕೊಳವೆಗಳವನು ನಾನು,
ಈಗ ಬಟ್ಟಲಿನ ಉಪ್ಪುಚಹಾಕ್ಕೆ ಊದುತ್ತ ಕೂತಿದ್ದೇನೆ,
ಮೊಣಕೈಗೆ ತಾಕಿಸಿ, ಮತ್ತೆ ಊದಿ,
ಚಹಾ ಎಂಬ ಹೆಸರಿಗೇ ಅವಮಾನವಾಗುವಷ್ಟು ತಣಿಸಿ.
ಎರಡು ಚಮಚ ಕುಡಿದಳು. ಮೂರನೆಯದು ಗದ್ದದ ಮೇಲೆ.
ಒರೆಸಿದೆ. ಒರೆಸಿದ್ದು ಅವಳಿಗೆ ಗೊತ್ತಾಗಲಿಲ್ಲ.

ಮಗುವಿನ ಮುಖ ಮುಟ್ಟಿಯೂ
ಅದಕ್ಕೆ ತಿಳಿಯದೇ ಹೋಗುವುದು...
ಮುಂದಕ್ಕೆ ಅಭ್ಯಾಸವಾಗಲಿ ಎಂದುಕೊಂಡೆ.

ತಪ್ಪು ನನ್ನದೆಂದೂ ಬರೆಯಬೇಕು ಇಲ್ಲಿ.
ರಾತ್ರಿಪಾಳಿ ಮುಗಿಸಿ ಬಂದು ನಿದ್ದೆ ಬೇಕಾದಾಗ
ಸಕ್ಕರೆ ಹಾಕಿ ಒಣಗಿಸಿದ ಮೊಸರಿನ ಬಿಲ್ಲೆಗಳನ್ನು
ಅವಳ ಕೈಗಿತ್ತು ಮಲಗಿದವನು ನಾನು.
ಹಲ್ಲುಜ್ಜಿದೆಯಾ ಎಂದು ಕೇಳಿ
ಉತ್ತರಕ್ಕೆ ಮುಂಚೆ ನಿದ್ದೆ ಹೋದವನು.
ಇಂಜೆಕ್ಷನ್ನಿನ ಹೊತ್ತಿಗೆ ಅವಳು ಹಿಡಿದದ್ದು
ಅದೇ ಕಿರುಬೆರಳು. ಎಷ್ಟು ಬಿಗಿ ಹಿಡಿದಿದ್ದಳೋ,
ಆಮೇಲೆ ಉಗುರಿನ ಗುರುತು ನೋಡಿ ಲೆಕ್ಕ ಹಾಕಿದೆ.

ಹಲ್ಲು ಕಾಗದದ ಪೊಟ್ಟಣದಲ್ಲಿದೆ. ಎರಡು ತುಂಡು, ಒಂದು ಕಪ್ಪು.
ಬಿದ್ದ ಹಾಲುಹಲ್ಲನ್ನು ಕೊಬ್ಬಿನ ಚೂರಲ್ಲಿ ಸುತ್ತಿ
ನಾಯಿಗೆ ಕೊಡುತ್ತೇವೆ ನಾವು,
ಬರುವ ಹಲ್ಲು ನಾಯಿಯದರಷ್ಟು ಗಟ್ಟಿ ಬರಲೆಂದು.
"ಹುಳುಕು ಹಲ್ಲು ತಿಂದರೆ ನಾಯಿಯ ಹಲ್ಲೂ ಹುಳುಕಾಗಲ್ವಾ?"
ಅಜ್ಜಿಯರನ್ನು ಯಾರೂ ಇದನ್ನು ಕೇಳಿದ್ದಿಲ್ಲ.
ನಾಳೆ ಕೇಳೋಣ ಎಂದೆ.
"ಯಾರನ್ನ?" ಎಂದು ತಾನೇ ಯೋಚಿಸಿ,
"ನಾಯಿಯನ್ನೇ," ಎಂದಳು.

ನಾಲ್ಕೂ ಕಾಲಿಗೆ ಅಳು ಬಂತು,
ಕಾದು ಕಾದು ಕೊನೆಗೆ ಬಂದ ಬಸ್ಸಿನ ಹಾಗೆ.
"ಅಪ್ಪಾ, ತುಟಿ ತುಂಬ ಇರುವೆ. ಇರುವೆ!"
ಸಿರಪ್ಪನ್ನು ದೀಪಕ್ಕೆ ಹಿಡಿದು, ಗೆರೆಗೆ ಸರಿಯಾಗಿ
ಅಳೆದು ಕುಡಿಸಿದೆ.
ಅಳುವ ಮಗುವನ್ನು ಎತ್ತಿಕೊಂಡು
ಒಳಗೊಳಗೇ ಹಗುರಾದ ತಂದೆ
ನಾನೊಬ್ಬನೇ ಇರಲಾರೆ.

ಸೈನ್‌ಶಾಂದಿನಿಂದ ಫೋನು, ಹಿಂದೆ ಗಾಲಿಗಳ ಸದ್ದು.
ನೋಯುತ್ತಿದೆಯಂತೆ, ಎಂದೆ.
ನನ್ನ ದನಿಯಲ್ಲಿ ಏನು ಕೇಳಿಸಿತೋ, ಸರ್ನೈ ಗದರಿದಳು:
"ನೀನ್ಯಾಕೆ ನಗ್ತಿದ್ದೀಯ?"

ಈಗ ಮಲಗಿದ್ದಾಳೆ. ದಿಂಬಿಗೆ ಹಳೇ ಟವೆಲು,
ಅದರ ಮೇಲೆ ನಸುಗೆಂಪು ಜೊಲ್ಲು, ನಾಣ್ಯದಗಲ.
ಚೀಟಿಯಲ್ಲಿದೆ: ಇಷ್ಟು ಸಹಜ.
ಗೋಡೆಯ ಹೀಟರಿನೊಳಗೆ ನೀರು ಗುಳುಗುಳು,
ಯಾವನೋ ಬೆಸೆದ ಕೊಳವೆಯಿಂದ.
ನಿದ್ದೆಯಲ್ಲೇ ಅವಳ ನಾಲಿಗೆ ಆ ಗುಳಿಯತ್ತ ಹೋಗಿ,
ಮುಟ್ಟಿ, ಬೆಚ್ಚಿ, ಹಿಂದೆ ಬಂದು
ಮತ್ತೆ ಹೋಗುತ್ತದೆ.