ಚಾ ಕುಡಿದ ಕಾಗದ

ನುಸೈಬ ಬಂದಳು, ಕಂಕುಳಲ್ಲಿ ಬಿಳಿ ಹಾಳೆಯ ಕಟ್ಟು:
"ಕಮಲಾಕ್ಷಿಯಕ್ಕ, ಇದಕ್ಕೆ ನಾಳೆಯೊಳಗೆ
ಎಂಬತ್ತು ವರ್ಷ ಆಗಬೇಕು."

ಪೈವಳಿಕೆ ಶಾಲೆಯ ನಾಟಕ. ಎರಡನೇ ದೃಶ್ಯದಲ್ಲಿ
ಜೈಲಿನಿಂದ ಅಣ್ಣನ ಪತ್ರ ಬರುತ್ತದೆ ತಂಗಿಗೆ.
ಇಸವಿ ನಲವತ್ತೆರಡು.
"ಬಂದ ದಿನ ಅದು ಹೊಸತೇ ಅಲ್ಲವಾ ಮಾರಾಯ್ತಿ?"
ಅವಳು ಅರೆಗಳಿಗೆ ಯೋಚಿಸಿದಳು.
"ಹೊಸತಾಗಿ ಕಂಡರೆ ಯಾರು ನಂಬುತ್ತಾರೆ, ಸಾರ್ ಹೇಳಿದ್ದು."

ಸರಿ. ಚಾಪುಡಿ ಎರಡು ಚಮಚ, ನೀರು ಒಂದು ಲೋಟ,
ಕುದಿಸಿ, ಸೋಸಿ, ಅಗಲ ಬಟ್ಟಲಿಗೆ ಸುರಿದೆವು.
ಮೊದಲ ಹಾಳೆ ಕುಡಿಯಿತು, ಕುಡಿದು ಎತ್ತುವಾಗ ಹರಿಯಿತು.
ಎರಡನೆಯದು ಬೆಲ್ಲದ ಪಾಯಸದ ಬಣ್ಣಕ್ಕೆ ನಿಂತಿತು.
ಸಾಲದು, ಎಂದಳು.

ಮೂವತ್ತೊಂದು ವರ್ಷ ಬೀಡಿ ಕಟ್ಟಿದ ಕೈ ಇದು.
ಎಲೆ ಎಷ್ಟು ನೆನೆದರೆ ಬಾಗುತ್ತದೆ,
ಎಷ್ಟು ಒಣಗಿದರೆ ಮುರಿಯುತ್ತದೆ,
ಬೆರಳಿಗೆ ಗೊತ್ತು, ನನ್ನನ್ನು ಕೇಳಬೇಡಿ.
ಮೊರದ ಮೂಲೆಯಿಂದ ಹೊಗೆಸೊಪ್ಪಿನ ಹುಡಿ ಒಂದು ಚಿಟಿಕೆ
ಒದ್ದೆ ಹಾಳೆಯ ಮೇಲೆ ಉದುರಿಸಿದೆ.
ಮುದುಕರ ಮುಂಗೈಯ ಹಾಗೆ ಚುಕ್ಕೆ ಮೂಡಿತು.
ನುಸೈಬ ಸೀನಿದಳು, ಸೀನಿ ನಕ್ಕಳು,
ನಕ್ಕು ಮತ್ತೆ ಸೀನಿದಳು.

ಕಾವಲಿಯ ಮೇಲೆ ದೋಸೆಯಂತೆ ಮಗುಚಿ ಒಣಗಿಸಿ
ಮೇಣದಬತ್ತಿಗೆ ಅಂಚು ತೋರಿಸಿ, ಊದಿ ಆರಿಸಿ,
ಆಮೇಲೆ ಅವಳು ದುಂಡಗೆ ವಿಳಾಸ ಬರೆದಳು:
ಪೈವಳಿಕೆ, ಕಾಸರಗೋಡು ಜಿಲ್ಲೆ, ಕೇರಳ, ಪಿನ್‌ಕೋಡು.

"ಅಯ್ಯೋ! ಆಗ ಕೇರಳ ಎಲ್ಲಿತ್ತು?
ಜಿಲ್ಲೆ ಹುಟ್ಟಿದ್ದು ನಾನು ಲಂಗ ಬಿಟ್ಟು ಸೀರೆ ಉಟ್ಟ ಮೇಲೆ."
"ಹಾಗಾದರೆ ಎಂತ ಬರೆಯುವುದು?"
"ದಕ್ಷಿಣ ಕನ್ನಡ. ಮದ್ರಾಸು."
"ನಮ್ಮ ಊರು ಅಲ್ಲಿ ಇತ್ತಾ?"
ಊರು ಎಲ್ಲಿಗೂ ಹೋಗಲಿಲ್ಲ ಮಗಾ,
ವಿಳಾಸ ಮಾತ್ರ ಬಸ್ಸು ಹತ್ತಿ ಹೋಯಿತು.

ಮತ್ತೊಂದು ಹಾಳೆ. ಮತ್ತೆ ಚಾ.

"ನಿಜವಾದ ಹಳೇ ಕಾಗದ ಉಂಟಾ ನಿಮ್ಮಲ್ಲಿ,
ನೋಡಿ ಮಾಡ್ಲಿಕ್ಕೆ?"
ಉಂಟು.
ಟ್ರಂಕಿನ ತಳದಿಂದ ತೆಗೆದೆ, ರವಿಕೆ ಕಣದ ಮಡಿಕೆಯೊಳಗಿಂದ.
ಬೊಂಬಾಯಿ ಹೋಟೆಲಿನಿಂದ ನನ್ನ ಅಣ್ಣ ಬರೆದದ್ದು,
ಹತ್ತೊಂಬತ್ತರ ನನಗೆ.
ಅವಳು ಬೆಳಕಿಗೆ ಹಿಡಿದು ನೋಡಿದಳು, ಮೂಸಿದಳು,
ಮೋಸ ಹೋದವಳ ಮುಖ ಮಾಡಿದಳು:
"ಇದು ಬೆಳ್ಳಗೆ ಉಂಟಲ್ಲ!"

ಹೌದು. ಒಂದೇ ಸಲ ಓದಿದ್ದು.
ಒಂದೇ ಮಡಿಕೆ, ಒಂದೇ ಸಲ ಬಿಚ್ಚಿದ್ದು.

ಆಣಿಗೆ ನೇತುಹಾಕಿದ ಬೀಡಿ ಪುಸ್ತಕ ನೋಡು,
ಬ್ರಾಂಚಿನವರು ಕೊಟ್ಟು ಆರು ವರ್ಷವೂ ಆಗಿಲ್ಲ.
ವಾರವಾರ ಬಿಚ್ಚಿ, ಸಾವಿರ ಲೆಕ್ಕ ಬರೆಸಿ, ಮಡಚಿ,
ಸೆರಗಿನ ಬೆವರಲ್ಲಿ ಸಿಕ್ಕಿಸಿಕೊಂಡು ನಡೆದು
ಅದಕ್ಕೆ ಬೆನ್ನು ಬಾಗಿದೆ, ಮೂಲೆ ಸವೆದಿದೆ.
ಚಾ ಬೇಡ, ಕಾವಲಿ ಬೇಡ.
ಬೇಕಾದರೆ ಮಾತ್ರ ಕಾಗದಕ್ಕೆ ಪ್ರಾಯ ಆಗುತ್ತದೆ.

ನುಸೈಬ ಕೇಳಲಿಲ್ಲ. ಪತ್ರದಲ್ಲಿ ಎಂತ ಉಂಟು ಅಂತಲೂ
ಕೇಳಲಿಲ್ಲ. ಒಳ್ಳೆಯ ಹುಡುಗಿ.
ಅಥವಾ ಅವಸರದ ಹುಡುಗಿ.

ಮರುದಿನ ನಾಟಕದಲ್ಲಿ ಅವಳೇ ತಂಗಿ.
ಕಾವಲಿಯಲ್ಲಿ ಒಂದು ಮಗುಚು ಜಾಸ್ತಿ ಆಗಿತ್ತು ಅಂತ ತೋರುತ್ತದೆ,
"ಪ್ರೀತಿಯ ತಂಗಿಗೆ" ಎನ್ನುವಾಗಲೇ
ಮಡಿಕೆಯ ಗೆರೆಗೆ ಸರಿಯಾಗಿ ಪತ್ರ ಎರಡಾಯಿತು.
ಅವಳು ಬೆದರಲಿಲ್ಲ. ಎರಡು ಕೈಯಲ್ಲಿ ಎರಡು ಚೂರು ಹಿಡಿದು
ಮೇಲಿನದ್ದು ಮೊದಲು, ಕೆಳಗಿನದ್ದು ಆಮೇಲೆ
ಓದಿ ಮುಗಿಸಿದಳು.
ಹೊಗೆಸೊಪ್ಪಿನ ಘಾಟು ಮುಂದಿನ ಬೆಂಚಿಗೆ ಬಂದಿರಬೇಕು,
ಹೆಡ್‌ಮಾಸ್ಟರು ಕಣ್ಣೊರೆಸಿಕೊಂಡರು.

ಮನೆಗೆ ಬಂದು ಬಟ್ಟಲು ತಿಕ್ಕಿದೆ.
ಚಾದ ಕಲೆ ಒಂದು ಉಂಗುರ, ಬೂದಿಗೂ ಹೋಗಲಿಲ್ಲ.
ಪತ್ರ ಹೊರಗೇ ಇತ್ತು. ಟ್ರಂಕಿಗೆ ಹಾಕಲಿಲ್ಲ,
ಮೊರದ ಪಕ್ಕ, ಕತ್ತರಿಯ ಅಡಿಗೆ ಇಟ್ಟೆ,
ಎಲೆ ಹುಡುಕುವ ಕೈ ಆಗಾಗ ತಾಗುವಲ್ಲಿ.

ಅದಕ್ಕೂ ಇನ್ನು ಸ್ವಲ್ಪ ಪ್ರಾಯ ಆಗಲಿ.