ಷರಾ

ಕುಟ್ಟದ ಗೇಟಿನ ರಿಜಿಸ್ಟರಿನಲ್ಲಿ ಒಂಬತ್ತು ಕಾಲಂ.
ಲಾರಿ ನಂಬರು, ಡ್ರೈವರ ಹೆಸರು, ಪಾಸು, ಮರದ ಜಾತಿ,
ಎಷ್ಟು ತುಂಡು, ಎಷ್ಟು ಘನ ಅಡಿ, ಬಂದ ಹೊತ್ತು, ಹೋದ ಹೊತ್ತು.
ಕೊನೆಯದು ಷರಾ. ಒಂದೂವರೆ ಬೆರಳಗಲ.
ಹನ್ನೊಂದು ವರ್ಷ ಅಲ್ಲಿ ನಾನು ಬರೆದದ್ದು
ಒಂದೇ ಮಾತು: ಸರಿ ಇದೆ.

ಆ ರಾತ್ರಿ ಪಾಸಿನಲ್ಲಿ ಸಿಲ್ವರ್ ಇತ್ತು.
ಮೇಲಿನ ಎರಡು ಸಾಲೂ ಸಿಲ್ವರೇ, ಹ್ಯಾಮರ್ ಮುದ್ರೆ ಸಹಿತ.
ಟಾರ್ಪಾಲಿನ ಅಡಿಯಿಂದ ಮಾತ್ರ
ಆಗಷ್ಟೇ ಕೊಯ್ದ ಬೀಟೆಯ ವಾಸನೆ,
ಮದುವೆ ಮನೆಯ ಒಳಕೋಣೆಯಲ್ಲಿ
ಯಾರೋ ಪನ್ನೀರು ಚೆಲ್ಲಿದ ಹಾಗೆ.
ವಾಚರ್ ಚುಬ್ರ ಕತ್ತಿಯ ಬೆನ್ನಿನಿಂದ ಒಮ್ಮೆ ತಟ್ಟಿ
'ಸಿಲ್ವರ್ ಹೀಗೆ ಮಾತಾಡಲ್ಲ' ಅಂದ.
ಚಹಾ ಆರುತ್ತದೆಂದು ಒಳಗೆ ಹೋದ.
ದಿನಗೂಲಿಯವ.

ರೇಂಜರಿಗೆ ಫೋನು ಮಾಡಿದೆ.
'ಗೇಟು ಎತ್ತು ಉತ್ತಯ್ಯ.
ಪಾಸು ನೋಡುವುದು ನಿನ್ನ ಕೆಲಸ, ಮೂಸುವುದಲ್ಲ.'
ಎತ್ತಿದೆ. ಸರಿ ಇದೆ ಎಂದು ಬರೆದೆ.
ಕೆಂಪು ದೀಪ ತೋಲ್ಪಟ್ಟಿಯ ಕಡೆಗೆ ಇಳಿಯಿತು.

ಇದೇ ರೇಂಜರು
ಮಗಳಿಗೆ ಹಾವು ಕಡಿದ ರಾತ್ರಿ
ಇಲಾಖೆಯ ಜೀಪನ್ನು ತಾವೇ ಓಡಿಸಿ ಗೋಣಿಕೊಪ್ಪ ಮುಟ್ಟಿಸಿದವರು.
ಹುಡುಗಿ ಈಗ ಏಳನೇ ಕ್ಲಾಸು.
'ಆ ಜೀಪಿಗೆ ಬಾಡಿಗೆ ಎಷ್ಟಾಗಬಹುದು?'
ಹೆಂಡತಿಯನ್ನು ಕೇಳಿದೆ.
ಅವಳು ನೆಲ್ಲಕ್ಕಿಯ ದೀಪದ ಬತ್ತಿ ಸರಿಮಾಡುತ್ತ
'ಕೊಡುವುದಾದರೆ ನಮ್ಮ ಕೈಯಿಂದ ಕೊಡೋಣ,
ಕಾಡಿನ ಕೈಯಿಂದ ಯಾಕೆ' ಅಂದಳು.

ಪುರಾವೆಯಿಲ್ಲ. ಲಾರಿಯೂ ಇಲ್ಲ.
ಇರುವುದು ಒಂದು ಮೂಗು,
ಚಹಾ ಕುಡಿಯಲು ಹೋದ ಒಬ್ಬ ಸಾಕ್ಷಿ.
ಮೂರು ಹಾಳೆ ಹರಿದೆ.
ಮೊದಲನೆಯದರಲ್ಲಿ 'ಕಳ್ಳ' ಎಂದಿತ್ತು;
ಅದು ನನಗೆ ಗೊತ್ತಿರಲಿಲ್ಲ.
ಎರಡನೆಯದು 'ಪ್ರಾಮಾಣಿಕ ನೌಕರನಾದ ನಾನು' ಎಂದು ಶುರುವಾಗಿತ್ತು;
ಅದು ನಿಜವಲ್ಲ.
ಮೂರನೆಯದರಲ್ಲಿ ಹೇಗೋ ಜೀಪು ಬಂದುಬಿಟ್ಟಿತ್ತು.
ನಾಲ್ಕನೆಯದರಲ್ಲಿ ಬರೀ ತಾರೀಕು, ನಂಬರು, ವಾಸನೆ,
ಫೋನು ಮಾಡಿದ ಹೊತ್ತು, ಸಿಕ್ಕ ಉತ್ತರ,
ಮತ್ತು ಸರಿ ಇದೆ ಎಂದು ಬರೆದ ಕೈ
ನನ್ನದೇ ಎಂಬುದು.

ವಿರಾಜಪೇಟೆಯ ದೊಡ್ಡ ಆಫೀಸು. ಟಪಾಲಿನ ಹುಡುಗಿ
ಓದಿ, ತಲೆಯೆತ್ತಿ ನೋಡಿ, ಮತ್ತೆ ಓದಿ
'ಸೀಲು ಹಾಕಲಾ ಅಣ್ಣ?
ಹಾಕಿದ ಮೇಲೆ ವಾಪಸ್ಸು ಕೊಡೋಕಾಗಲ್ಲ' ಎಂದಳು.
ಹಾಕು ಅಂದೆ.
ಅವಳ ರಿಜಿಸ್ಟರಿನಲ್ಲೂ ಷರಾ ಇತ್ತು.
ಪೆನ್ನು ಅಲ್ಲಿವರೆಗೆ ಬಂದು, ನಿಂತು,
ಖಾಲಿ ಬಿಟ್ಟು ಮುಂದಿನ ಸಾಲಿಗೆ ಇಳಿಯಿತು.

ಕಿಟಕಿಯಾಚೆ ಜೀಪು ನಿಂತಿತ್ತು, ಅದೇ ಜೀಪು.
ಬಾನೆಟ್ಟಿನ ಮೇಲೆ ಬಿದ್ದ ಹನಿ
ಬೀಳುತ್ತಲೇ ಆರುತ್ತಿತ್ತು.