ಬಟವಡೆ ವಹಿ

ತ್ರಿವೇಣಿಯ ನೋಟಬುಕ್ಕಿನ ಮ್ಯಾಲೆ ಕೆಂಪು ಗೀಟು.
ಹೇಳಿಕೊಟ್ಟಾಂವ ನಾನು.
ಎರಡು ಕೂಡಿಸು ಮೂರು ಗುಣಿಸು ನಾಕು:
ಇಪ್ಪತ್ತು ಅಂದಿದ್ದೆ, ಬೆರಳು ಸುದ್ದಾ ಮಡಚದ.
ಮೂವತ್ತೆಂಟು ವರ್ಷ ಗುಳೇದಗುಡ್ಡದಾಗ
ಖಣದ ಅಂಗಡಿ ವಹಿ ಬರದ ಕೈ ಇದು,
ತಪ್ಪತೈತೇನು?
ಅಂಗಡಿ ಕ್ಯಾಲ್ಕುಲೇಟರೂ ನನ್ನ ಕಡೇನ ಇತ್ತು.
ಒತ್ತಿ ತೋರಿಸಿದೆ ಮೊಮ್ಮಗಳಿಗೆ:
ಇಪ್ಪತ್ತು.

ಟೊಪಿಗಿ ಏರಿಸಿಕೊಂಡು ಸಾಲಿಗೆ ಹೋದೆ, ಜಗಳಕ್ಕ.
ಕಮತಗಿ ಅಕ್ಕೋರು ಕುರ್ಚಿ ಕೊಟ್ಟರು, ನೀರು ಕೊಟ್ಟರು,
ಆಮ್ಯಾಲೆ ಕೇಳಿದರು:
"ಕಾಕಾ, ಎರಡು ರೂಪಾಯಿ ರೊಕ್ಕ ಐತಿ.
ಮೂರು ಖಣ ಅದಾವ, ಖಣಕ್ಕ ನಾಕು ರೂಪಾಯಿ ಕೂಲಿ.
ರೂಪಾಯಿಗೆ ಖಣ ಕೂಡಸ್ತೀರೇನು ಮೊದಲು?"
"ಹುಚ್ಚೇನ್ರಿ? ರೂಪಾಯಿಗೆ ಖಣ ಹೆಂಗ ಕೂಡತಾವ?
ಖಣ ಮೊದಲು ರೂಪಾಯಿ ಆಗಬೇಕು, ಆಮ್ಯಾಲೆ..."
ಅಂದಾಂವ ಅಲ್ಲೇ ನಿಂತೆ,
ಲಾಳಿ ನಡುಮಗ್ಗದಾಗ ಸಿಕ್ಕೊಂಡಂಗ.

ಹದಿನಾಕು.

ಕ್ಯಾಲ್ಕುಲೇಟರಿಗೆ ಖಣ ಗೊತ್ತಿಲ್ಲ, ಕೂಲಿ ಗೊತ್ತಿಲ್ಲ,
ಕೊಟ್ಟದ್ದನ್ನ ಕೊಟ್ಟಂಗ ನುಂಗತೈತಿ.
ನನಗ ಗೊತ್ತಿತ್ತು. ದಿನಾ ಬಾಯಿಲೆ ಸರಿ ಮಾಡಿದಾಂವ
ಹಾಳಿ ಮ್ಯಾಲೆ ಬರೇ ಅಂಕಿ ಕಂಡ ಕೂಡಲೆ ಮರತೆ,
ಅಂಕಿ ಹಿಂದ ಏನರ ಒಂದು ಇರತೈತಿ ಅನ್ನೂದು.

ಕಂಸ ಅಂದರು ಅಕ್ಕೋರು, ಆವರಣ ಅಂತನೂ ಅಂದರು.
ನನಗ ಕಂಸ ಸೇರಿತು.
ಸೆರಿಮನಿ ಕಟ್ಟಿಸಿದಾಂವ ಅಂವ, ಖರೆ,
ಕಥಿ ಶುರುವಾಗೂದು ಒಳಗ.
ಒಳಗಿಂದು ಮೊದಲು ಹುಟ್ಟಬೇಕು,
ಆಮ್ಯಾಲೆ ಗೋಕುಲ, ಬೆಣ್ಣಿ, ಉಳಿದದ್ದೆಲ್ಲಾ.

ಕೂಡೂದೂ ಕಳಿಯೂದೂ ಒಂದ ಪಂಕ್ತಿ, ಅಂದರು.
ಪಂಕ್ತ್ಯಾಗ ದೊಡ್ಡಾಂವ ಸಣ್ಣಾಂವ ಇಲ್ಲ ಕಾಕಾ,
ಎಡಕ್ಕ ಕೂತಾವರಿಗೆ ಮೊದಲು ಬಡಸಬೇಕು.
ಕೂಡೂದು ಯಾವಾಗೂ ಮೊದಲು ಅಂತ ತಿಳಕೊಂಡಾಂವ ನಾನು.
ಚಾ ತಂದಿದ್ದರು. ಕುಡಿಯಲಿಲ್ಲ.

ರಾತ್ರಿ ಅಟ್ಟ ಹತ್ತಿ ವಹಿ ಇಳಿಸಿದೆ.
ಹನ್ನೊಂದು ವರ್ಷದ ಹಿಂದಿನ ದೀಪಾವಳಿ,
ಬಟವಡೆ ದಿನ, ಕಂಡಿಕಿ ಸುತ್ತೂ ಹಜರತಬಿ.
ಕೂಲಿ ಐನೂರು.
ಕಳೆ, ಉಚಲ ಒಯ್ದದ್ದು ನೂರೈವತ್ತು.
ಕೂಡು, ಮಾಲಕರ ಖುಷಿ ಐವತ್ತು.
ಕೊಟ್ಟದ್ದು: ಮುನ್ನೂರು.
ಉಚಲದ ಸಂಗಾಟ ಖುಷಿಯನ್ನೂ ಗಂಟುಕಟ್ಟಿ
ಬರೀದ ಇದ್ದ ಕಂಸದಾಗ ಹಾಕಿ
ಎರಡನ್ನೂ ಕಳದಿದ್ದೆ.
ಅಕ್ಷರ ಮಾತ್ರ ದುಂಡಗ, ಮುತ್ತಿನಂಗ,
ಕೆಳಗ ನನ್ನ ಸಹಿ, ಮಗ್ಗಲಕ್ಕ ಅಕಿ ಹೆಬ್ಬೆಟ್ಟು.

ಹೊತ್ತು ಹುಟ್ಟೂದರಾಗ ನೂರರ ನೋಟು ಹಿಡಕೊಂಡು
ಅಕಿ ಬಾಗಲದಾಗ ನಿಂತೆ.
ರಾಟಿ ತಿರಗತಿತ್ತು. ಎಲ್ಲಾ ಹೇಳಿದೆ,
ಗುಣಾಕಾರದಿಂದ ಹಿಡದು.
"ಗೊತ್ತಿತ್ತ್ರಿ" ಅಂದಳು, ನೂಲಿನ ಮ್ಯಾಲಿನ ಕಣ್ಣು ಎತ್ತದ.
"ಆವತ್ತ ಮನಿ ಹಾದ್ಯಾಗ ಬೆರಳ ಮ್ಯಾಲೆ ಎಣಿಸಿದ್ದೆ,
ನಾಕನೂರು ಬಂತು. ತಿರಗಿ ಎಣಿಸಿದೆ, ನಾಕನೂರು.
ನೀವು ಸಾಲಿ ಕಲತಾವರು.
ನನ್ನ ಬೆರಳ ತಪ್ಪಿರಬೇಕು ಅಂತ ಬಿಟ್ಟೆ."

ನೋಟು ತಗೊಂಡು ರಾಟಿ ಕೆಳಗ ಇಟ್ಟಳು,
ಗಾಳಿಗೆ ಹಾರದಂಗ ಒಂದು ಕಂಡಿಕಿ ಹೇರಿ.
"ಬರ್ರಿ" ಅನ್ನಲಿಲ್ಲ, "ಹೋಗ್ರಿ" ಅನ್ನಲಿಲ್ಲ.

ಅಟ್ಟದ ಮ್ಯಾಲೆ ವಹಿ ಇನ್ನೂ ಮೂವತ್ತೇಳು ಅದಾವ.
ಧೂಳ ಝಾಡಿಸಿ ಒಂದು ತಂದೀನಿ,
ತ್ರಿವೇಣಿನ್ನ ಮಗ್ಗಲದಾಗ ಕುಂದರಿಸಿಕೊಂಡೀನಿ.
ಕೆಂಪು ಪೆನ್ನು ಅಕಿ ಕೈಯಾಗ.
ಎಡದಿಂದ ಓದವ್ವ, ಅಂದೀನಿ,
ಸಾವಕಾಶ.
ಹೆಸರೂ ಓದು.